ಎಡತೋಳಿನಿಂದ ತೆಗೆದದ್ದು

ದೋಹಾದ ಅಲ್ ಮುಂತಜಾ ಬಡಾವಣೆಯ ಹಳೆಯ ಕಟ್ಟಡವೊಂದರ ಕೆಳಗೆ, ಮೊಬೈಲ್ ರಿಪೇರಿ ಅಂಗಡಿಗೂ ಕರಕ್ ಚಹಾದ ಅಂಗಡಿಗೂ ನಡುವೆ, ಅಬ್ದುಲ್ ಲತೀಫ್ ಅವರ ಟೈಲರ್ ಅಂಗಡಿ ಇದೆ. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ಹ್ಯಾಂಗರ್. ಮಂಗಳೂರು ಹತ್ತಿರದ ಅಡ್ಯಾರಿನವರಾದ ಅವರು ದೋಹಾಕ್ಕೆ ಬಂದದ್ದು 1994ರಲ್ಲಿ. ಆಗ ಹೊಸ ಬಟ್ಟೆ ಹೊಲಿಯುತ್ತಿದ್ದರು. ಈಗ ಮಾಲ್‌ಗಳಲ್ಲಿ ಕೊಂಡ ಬಟ್ಟೆಯನ್ನು ಗಿಡ್ಡ ಮಾಡುವುದು, ಬಿಗಿ ಮಾಡುವುದೇ ಹೆಚ್ಚು.

ಅವರ ಕೆಲಸದಲ್ಲಿ ಎರಡು ಪದ್ಧತಿಗಳಿವೆ. ಗಿರಾಕಿಯನ್ನು ಕೇಳದೆ ಬಟ್ಟೆಯಿಂದ ಏನನ್ನೂ ತೆಗೆಯುವುದಿಲ್ಲ. ತೆಗೆದದ್ದನ್ನು ಅಂಗಡಿಯಲ್ಲಿ ಇಟ್ಟುಕೊಳ್ಳುವುದಿಲ್ಲ. ಕತ್ತರಿಸಿದ ಚೂರು, ಕಿತ್ತ ಗುಂಡಿ, ಬಿಚ್ಚಿದ ಜಿಪ್ಪು ಎಲ್ಲವನ್ನೂ ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ, ಚೀಟಿ ಬರೆದು, ಬಟ್ಟೆಗೆ ಪಿನ್ ಮಾಡಿ ಕೊಡುತ್ತಾರೆ. ಮಂಗಳೂರಿನ ಬಂದರು ಪೇಟೆಯಲ್ಲಿ ತಮಗೆ ಕೆಲಸ ಕಲಿಸಿದ ಉಸ್ತಾದರು ಹಾಗೆ ಮಾಡುತ್ತಿದ್ದರು.

"ಲತೀಫಾಕ, ಈ ಚಿಂದಿಯಲ್ಲಿ ನಾನೆಂತ ಮಾಡ್ಲಿ? ಉಪ್ಪಿನಕಾಯಿ ಹಾಕ್ಲಾ?" ಎಂದು ಗಿರಾಕಿಗಳು ತಮಾಷೆ ಮಾಡುತ್ತಾರೆ.

"ಹಾಕಿ. ರುಚಿಯಾದ್ರೆ ನನಗೂ ಸ್ವಲ್ಪ ಕಳಿಸಿ," ಎನ್ನುತ್ತಾರೆ ಅವರು.

2025ರ ಜನವರಿಯ ಒಂದು ಬೆಳಿಗ್ಗೆ ಕೊನ್ಸೆಪ್ಟಾ ಅಂಗಡಿಗೆ ಬಂದರು. ಶಿರ್ವದ ಕಡೆಯವರು. ಗಂಡ ಬೊನವೆಂಚರ್, ಕಟ್ಟಡ ಕಂಪನಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಹದಿಮೂರು ವರ್ಷಗಳ ಹಿಂದಿನವರೆಗೆ ಅವರ ಮನೆ ಇದೇ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಆಮೇಲೆ ಅಲ್ ರಯ್ಯಾನ್‌ಗೆ ಹೋದರೂ ಬಟ್ಟೆ ತರುವುದು ಇಲ್ಲಿಗೇ. ಅವರ ಒಬ್ಬನೇ ಮಗ ಡ್ಯಾರೆಲ್‌ನ ಮೊದಲ ಶಾಲಾ ಯೂನಿಫಾರ್ಮ್ ಹೊಲಿದವರು ಲತೀಫ್. ಆ ಮಗ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು.

ಕೊನ್ಸೆಪ್ಟಾ ಚೀಲದಿಂದ ಕಿತ್ತಳೆ ಬಣ್ಣದ ದಪ್ಪ ಜಾಕೆಟ್ ತೆಗೆದು ಮೇಜಿನ ಮೇಲೆ ಹರಡಿದರು. ಎದೆಯ ಮೇಲಿಂದ ಕೆಳತನಕ, ಎರಡೂ ತೋಳುಗಳ ಉದ್ದಕ್ಕೂ ಅದನ್ನು ಕತ್ತರಿಸಲಾಗಿತ್ತು.

"ಆಸ್ಪತ್ರೆಯವ್ರು ಕತ್ತರಿಸಿದ್ದು," ಎಂದರು. "ಫೆಬ್ರವರಿಯಲ್ಲಿ ಚರ್ಚಲ್ಲಿ ಅವನ ವರ್ಷದ ಪೂಜೆ. ಅಷ್ಟರಲ್ಲಿ ಮೊದಲಿನ ಹಾಗೆ ಮಾಡ್ಲಿಕ್ಕೆ ಆಗ್ತದಾ ಲತೀಫಾಕ?"

"ಮಾಡ್ತೇನೆ ಬಾಯಿ. ಹೊಲಿಗೆ ಕಾಣದ ಹಾಗೆ ಮಾಡ್ತೇನೆ." ಊರಿನ ಕ್ರೈಸ್ತ ಹೆಂಗಸರನ್ನು ಲತೀಫ್ ಕರೆಯುವುದು ಬಾಯಿ ಎಂದೇ.

ಕೊನ್ಸೆಪ್ಟಾ ಹೊರಡಲಿಲ್ಲ. ಸ್ಟೂಲಿನ ಮೇಲೆ ಕೂತರು.

"ಇನ್ನೊಂದು ಕೇಳ್ಲಿಕ್ಕಿತ್ತು. ನಿಮ್ಮ ಮೊಬೈಲಲ್ಲಿ ಅವನ ವಾಯ್ಸ್ ಮೆಸೇಜ್ ಏನಾದ್ರೂ ಉಂಟಾ? ನನ್ನ ಹತ್ರ ಒಂದೂ ಇಲ್ಲ. ನನಗೆ ಅವನು ಯಾವಾಗ್ಲೂ ಫೋನೇ ಮಾಡುದು. ವಾಟ್ಸಾಪಲ್ಲಿ ಬರೀ ಹೆಬ್ಬೆರಳು, ನಗುವ ಮುಖ. ಅವನ ಫ್ರೆಂಡ್ಸ್ ಹತ್ರ ಕೇಳಿ ಒಂಬತ್ತು ಒಟ್ಟು ಮಾಡಿದ್ದೇನೆ. ಎಲ್ಲ ಇಂಗ್ಲಿಷಲ್ಲಿ. ಬರ್ತೇನೆ, ಲೇಟಾಗ್ತದೆ, ಅಷ್ಟೇ. ಒಂದರಲ್ಲೂ ಮಮ್ಮಿ ಅಂತ ಇಲ್ಲ."

"ನೋಡಿ ಹೇಳ್ತೇನೆ," ಎಂದರು ಲತೀಫ್.

ಒಂದು ಇದೆಯೆಂದು ಅವರಿಗೆ ನೆನಪಿತ್ತು. ಅದರಲ್ಲಿ ಏನಿತ್ತೆಂಬುದು ಮರೆತಿತ್ತು.

ಡ್ಯಾರೆಲ್ ಕೆಲಸ ಮಾಡುತ್ತಿದ್ದದ್ದು ದುಖಾನ್‌ನಲ್ಲಿ, ತೈಲ ಕಂಪನಿಯ ಗುತ್ತಿಗೆದಾರರ ಬಳಿ ಇನ್‌ಸ್ಟ್ರುಮೆಂಟ್ ಎಂಜಿನಿಯರ್ ಆಗಿ. ವಾರವಿಡೀ ಅಲ್ಲೇ ಕ್ವಾರ್ಟರ್ಸ್. ಗುರುವಾರ ಸಂಜೆ ಮನೆಗೆ ಬಂದು ಶನಿವಾರ ಹಿಂತಿರುಗುತ್ತಿದ್ದ. ಹಿಮದ ಹುಚ್ಚು ಹಿಡಿದದ್ದು ಸಹೋದ್ಯೋಗಿಗಳಿಂದ. ಕತಾರ್‌ನ ರೆಸಿಡೆನ್ಸಿ ಇದ್ದವರು ವೀಸಾ ಇಲ್ಲದೆ ಜಾರ್ಜಿಯಾಕ್ಕೆ ಹೋಗಬಹುದು, ವಿಮಾನದಲ್ಲಿ ನಾಲ್ಕು ಗಂಟೆಯೊಳಗಿನ ದಾರಿ. ಮೊದಲ ಚಳಿಗಾಲ ಸ್ಕೀ ಕಲಿತ. ಎರಡನೆಯದರಲ್ಲಿ ಸಿದ್ಧಪಡಿಸಿದ ಇಳಿಜಾರುಗಳು ಸಪ್ಪೆ ಎನ್ನಿಸಿದವು. ಮೂರನೆಯ ವರ್ಷಕ್ಕೆ, ಕೇಬಲ್ ಕುರ್ಚಿಗಳಿಲ್ಲದ ಬೆಟ್ಟವನ್ನು ತಾವೇ ಹತ್ತಿ, ಯಾರೂ ತುಳಿಯದ ಹಿಮದಲ್ಲಿ ಇಳಿಯುವವರ ಗುಂಪು ಸೇರಿದ. ಅಭ್ಯಾಸಕ್ಕೆ ಸೀಲೈನ್‌ನ ಮರಳುದಿಬ್ಬಗಳಿದ್ದವು. ಬೆನ್ನಿಗೆ ನೀರಿನ ಕ್ಯಾನ್ ಕಟ್ಟಿಕೊಂಡು ದುಖಾನ್‌ನ ಸುಣ್ಣಕಲ್ಲಿನ ಗುಡ್ಡವನ್ನು ಒಂದೇ ಸಂಜೆ ಹದಿನೈದು ಸಲ ಹತ್ತಿಳಿಯುತ್ತಿದ್ದ.

ಕೊನ್ಸೆಪ್ಟಾ ಒಪ್ಪಿರಲಿಲ್ಲ. ಎರಡನೇ ವರ್ಷ ಅವನು ಮೊಣಕಾಲು ಉಳುಕಿಸಿಕೊಂಡು ಬಂದಾಗ, ಇನ್ನು ಹಿಮಕ್ಕೆ ಹೋಗುವುದಿಲ್ಲವೆಂದು ಮನೆಯ ದೇವರ ಪೀಠವಾದ ಅಲ್ತಾರಿನ ಮುಂದೆ ನಿಲ್ಲಿಸಿ ಹೇಳಿಸಿದ್ದರು. ಅವನು ಹೇಳಿದ್ದ. ಆಮೇಲೆ ಗುಟ್ಟಾಗಿ ತಯಾರಿ ನಡೆಸಿದ.

ಜಾಕೆಟ್ ಸಿಕ್ಕಿದ್ದು ಕತಾರ್ ಬಿಟ್ಟು ಹೋಗುತ್ತಿದ್ದ ನಾರ್ವೆಯವರೊಬ್ಬರಿಂದ. ಇಲ್ಲಿಂದ ಹೋಗುವವರು ಸೋಫಾ, ಫ್ರಿಡ್ಜ್, ಸೈಕಲ್ಲುಗಳನ್ನು ಫೇಸ್‌ಬುಕ್‌ನಲ್ಲಿ ಮಾರಾಟಕ್ಕೆ ಹಾಕುವುದು ವಾಡಿಕೆ. ಆ ರಾಶಿಯಲ್ಲಿ ಇದೂ ಇತ್ತು. ಆತ ಆರೂವರೆ ಅಡಿಯವರು. ಡ್ಯಾರೆಲ್ ತೊಟ್ಟರೆ ಬೆರಳುಗಳು ತೋಳಿನೊಳಗೇ ಉಳಿಯುತ್ತಿದ್ದವು. 2023ರ ಡಿಸೆಂಬರ್‌ನಲ್ಲಿ ಅದನ್ನು ಲತೀಫ್ ಅವರಿಗೆ ಕೊಟ್ಟುಹೋದ. ತೋಳು ಮೂರು ಬೆರಳು ಗಿಡ್ಡ ಆಗಬೇಕಿತ್ತು.

ಎಡತೋಳಿನ ಅಂಚು ಬಿಚ್ಚಿದಾಗ ಮಡಿಕೆಯೊಳಗೆ ಬೆರಳಿನಗಲದ ಒಂದು ಚಪ್ಪಟೆ ಪಟ್ಟಿ ಸಿಕ್ಕಿತು. ಪ್ಲಾಸ್ಟಿಕ್ಕಿನ ಹೊದಿಕೆ, ಒಳಗೆ ತೆಳ್ಳನೆಯ ಲೋಹ. ಮಾಲ್‌ಗಳ ಬಟ್ಟೆಯಲ್ಲಿ ಕಳ್ಳತನ ತಡೆಯಲು ಇಡುವ ಪಟ್ಟಿಗಳೂ ಹೀಗೇ ಇರುತ್ತವೆ. ಬಾಗಿಲು ದಾಟುವಾಗ ಕೂಗಿ ಗಿರಾಕಿಯ ಮಾನ ತೆಗೆಯುವ ಅಂಥ ಪಟ್ಟಿಗಳನ್ನು ಲತೀಫ್ ವರ್ಷಕ್ಕೆ ಹತ್ತಾರು ಬಿಚ್ಚುತ್ತಾರೆ. ಆದರೂ ಪದ್ಧತಿಯಂತೆ ಡ್ಯಾರೆಲ್‌ಗೆ ಮೆಸೇಜ್ ಮಾಡಿ ಕೇಳಿದರು. ಉತ್ತರ ಬಂತು. ಪಟ್ಟಿ ತೆಗೆದು ಕವರಿಗೆ ಹಾಕಿ, ಚೀಟಿ ಬರೆದು, ಜಾಕೆಟ್ಟಿಗೆ ಪಿನ್ ಮಾಡಿದರು.

ಮುಂದಿನ ಫೆಬ್ರವರಿ 13, ಮಂಗಳವಾರ, ಕತಾರ್‌ನಲ್ಲಿ ಕ್ರೀಡಾ ದಿನದ ರಜೆ. ಅದಕ್ಕೆ ಹಿಂದಿನ ಎರಡು ದಿನದ ರಜೆ ಸೇರಿಸಿಕೊಂಡು, ಜಾರ್ಜಿಯಾದ ರಾಜಧಾನಿ ಟಿಬಿಲಿಸಿ ಊರು ನೋಡಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಡ್ಯಾರೆಲ್ ಹೊರಟ. ಜೊತೆಗೆ ದುಖಾನ್‌ನ ಮೂವರು. ಅವರಲ್ಲೊಬ್ಬ ಉಪ್ಪಳದ ಸಫ್ವಾನ್. ಆ ದಿನದ ಬಗ್ಗೆ ಮನೆಯವರಿಗೆ ತಿಳಿದಿರುವುದೆಲ್ಲ ಸಫ್ವಾನ್ ಹೇಳಿದ್ದೇ. ದೋಹಾಕ್ಕೆ ಮರಳಿದ ವಾರ ಲತೀಫ್ ಅವರ ಅಂಗಡಿಗೂ ಬಂದು ಅವನು ಅದನ್ನು ಹೇಳಿದ್ದ.

ಕ್ರೀಡಾ ದಿನದ ಬೆಳಿಗ್ಗೆ ಆರೂವರೆಗೆ, ರಸ್ತೆ ಮುಗಿಯುವ ಹಳ್ಳಿಯಿಂದ, ಗೈಡ್ ಸೇರಿ ಐವರು ಹತ್ತಲು ಶುರುಮಾಡಿದರು. ಸ್ಕೀ ಹಲಗೆಗಳ ಅಡಿಗೆ ರೋಮದಂಥ ಪಟ್ಟಿ ಅಂಟಿಸಿಕೊಂಡಿದ್ದರು. ಮುಂದಕ್ಕೆ ಜಾರಿ, ಹಿಂದಕ್ಕೆ ಕಚ್ಚಿ ಹಿಡಿಯುವ ಪಟ್ಟಿ. ಪ್ರತಿಯೊಬ್ಬರ ಎದೆಯ ಮೇಲೆ, ಜಾಕೆಟ್ಟಿನ ಒಳಗೆ, ಬಾಡಿಗೆಗೆ ತಂದ ಒಂದು ಟ್ರಾನ್ಸ್‌ಮಿಟರ್. ಹಿಮದಡಿ ಸಿಕ್ಕಿಕೊಂಡವರನ್ನು ಉಳಿದವರು ಹುಡುಕುವುದು ಅದರ ಸಂಕೇತದಿಂದ. ಕೆಳಗೆ ಗೈಡ್ ಐದನ್ನೂ ಪರೀಕ್ಷಿಸಿದ.

ಆಕಾಶ ನಿಚ್ಚಳವಾಗಿತ್ತು. ಮೂರನೇ ಗಂಟೆಯ ಹೊತ್ತಿಗೆ ಬೆಟ್ಟ ಎಷ್ಟು ಕಡಿದಾಯಿತೆಂದರೆ ಪಕ್ಕಕ್ಕೆ ಕೈ ಚಾಚಿದರೆ ಹಿಮ ಬೆರಳಿಗೆ ತಾಗುತ್ತಿತ್ತು. ಹತ್ತುವ ಶ್ರಮಕ್ಕೆ ಬೆವರಿಳಿಯಿತು. ಡ್ಯಾರೆಲ್ ನಿಂತು, ಒಳಗಿನ ಸ್ವೆಟರ್ ಬಿಚ್ಚಿ ಬ್ಯಾಗಿಗೆ ತುರುಕಿದ. ಅದನ್ನು ಬಿಚ್ಚಲು ಎದೆಯ ಟ್ರಾನ್ಸ್‌ಮಿಟರನ್ನೂ ಕಳಚಬೇಕಾಯಿತು. ಮೇಲೆ ಹೋಗಿ ಕಟ್ಟಿಕೊಳ್ಳುತ್ತೇನೆಂದು ಅದನ್ನೂ ಬ್ಯಾಗಿಗೆ ಹಾಕಿದ್ದನ್ನು ಸಫ್ವಾನ್ ನೋಡಿದ್ದ.

ಹನ್ನೊಂದು ಗಂಟೆಗೆ ಶಿಖರ. ನಕ್ಷೆಯಲ್ಲಿ ಅದಕ್ಕೆ ಹೆಸರಿಲ್ಲ, ಎತ್ತರದ ಅಂಕಿ ಮಾತ್ರ: 3,108 ಮೀಟರ್. "ಕತಾರ್‌ನ ಅತಿ ಎತ್ತರದ ಗುಡ್ಡವನ್ನು ಮೂವತ್ತು ಸಲ ಹತ್ತಿದ ಹಾಗಾಯ್ತು ಮಾರಾಯ," ಎಂದು ಡ್ಯಾರೆಲ್ ನಕ್ಕನಂತೆ. ಫೋಟೋ ತೆಗೆಸಿಕೊಂಡ. ಅಷ್ಟರಲ್ಲಿ ಗಾಳಿ ಎದ್ದಿತು. ಗೈಡ್ ಅವಸರಪಡಿಸಿದ. ಮೇಲೆ ಟ್ರಾನ್ಸ್‌ಮಿಟರ್‌ಗಳನ್ನು ಇನ್ನೊಮ್ಮೆ ಪರೀಕ್ಷಿಸಬೇಕಿತ್ತು, ಯಾರೂ ಪರೀಕ್ಷಿಸಲಿಲ್ಲ. ನೆನಪಿಸಬೇಕೆಂದುಕೊಂಡ ಸಫ್ವಾನ್ ಕೈಗವಸು ತೊಡುವ ಗಡಿಬಿಡಿಯಲ್ಲಿ ಮರೆತ.

ಒಬ್ಬೊಬ್ಬರಾಗಿ ಇಳಿದರು. ಮೊದಲು ಗೈಡ್, ಆಮೇಲೆ ಸಫ್ವಾನ್, ಮೂರನೆಯವನು ಡ್ಯಾರೆಲ್. ಕೆಳಗಿನ ಬಂಡೆಯ ಮರೆಯಲ್ಲಿ ನಿಂತ ಸಫ್ವಾನ್‌ಗೆ ಅವನು ಎಡಕ್ಕೂ ಬಲಕ್ಕೂ ತಿರುಗುತ್ತ ಬರುವುದು ಕಾಣುತ್ತಿತ್ತು. ಎಂಟು ತಿರುವು ಎಣಿಸಿದ. ಒಂಬತ್ತನೆಯದಕ್ಕೆ ಡ್ಯಾರೆಲ್‌ನ ಮೇಲುಗಡೆಯ ಇಳಿಜಾರಿನಲ್ಲಿ ಹಿಮ ಅಡ್ಡಕ್ಕೆ ಬಿರಿದು, ಅವನನ್ನು ಹೊತ್ತುಕೊಂಡು ಕೆಳಗೆ ಜಾರಿತು.

"ಬಟ್ಟೆ ಹರಿದ ಹಾಗೆ ಶಬ್ದ, ಲತೀಫಾಕ," ಎಂದು ಸಫ್ವಾನ್ ಅಂಗಡಿಯ ಇದೇ ಸ್ಟೂಲಿನ ಮೇಲೆ ಕೂತು ಹೇಳಿದ್ದ. "ದಪ್ಪ ಬಟ್ಟೆ. ಜೀನ್ಸ್ ಹರಿದ ಹಾಗೆ."

ಹನ್ನೆರಡೇ ನಿಮಿಷದಲ್ಲಿ ಉಳಿದವರು ಟ್ರಾನ್ಸ್‌ಮಿಟರಿನ ಸಂಕೇತ ಹಿಡಿದು, ಒಂದಾಳುದ್ದ ಅಗೆದು ಮುಟ್ಟಿದರು. ಸಿಕ್ಕಿದ್ದು ಬ್ಯಾಗ್. ಹಿಮದ ರಭಸಕ್ಕೆ ಅದು ಬೆನ್ನಿನಿಂದ ಕಿತ್ತುಹೋಗಿತ್ತು.

ರಕ್ಷಣಾ ತಂಡ ಹೆಲಿಕಾಪ್ಟರಿನಲ್ಲಿ ಬಂದಾಗ ಐವತ್ತು ನಿಮಿಷ ಕಳೆದಿತ್ತು. ಶಿಖರದ ಮೇಲಿನ ಫೋಟೋದಲ್ಲಿ ಜಾಕೆಟ್ ನೋಡಿ ತಂಡದ ಮುಖ್ಯಸ್ಥ, ಈ ಕಂಪನಿಯದ್ದಾದರೆ ನಮ್ಮ ಯಂತ್ರಕ್ಕೆ ಸಿಗುತ್ತದೆ ಎಂದನಂತೆ. ಟಾರ್ಚಿನಂಥ ಯಂತ್ರ ಹಿಡಿದು ಹಿಮದ ಮೇಲೆ ಎರಡು ಸಲ ನಡೆದ. "ಅದು ಕೂಗ್ಬೇಕಿತ್ತಂತೆ. ಕೂಗ್ಲೇ ಇಲ್ಲ," ಎಂದಿದ್ದ ಸಫ್ವಾನ್. ಕೊನೆಗೆ ಉದ್ದದ ಸರಳುಗಳನ್ನು ಚುಚ್ಚುತ್ತ ಹೋದಾಗ ಸಿಕ್ಕಿದ. ಹೂತುಹೋಗಿ ಎರಡು ಗಂಟೆ ನಲವತ್ತು ನಿಮಿಷ ಕಳೆದಿತ್ತು. ಬ್ಯಾಗ್ ಸಿಕ್ಕಿದಲ್ಲಿಂದ ಹನ್ನೆರಡು ಮೀಟರ್ ದೂರ.

ಕ್ರೀಡಾ ದಿನದ ಆ ಸಂಜೆ ಬೊನವೆಂಚರ್‌ಗೆ ಫೋನ್ ಬಂತು. ಮರುದಿನ ವಿಭೂತಿ ಬುಧವಾರ, ಕ್ರೈಸ್ತರ ಉಪವಾಸದ ಕಾಲ ಶುರುವಾಗುವ ದಿನ. ಶವ ದೋಹಾದ ಮೂಲಕ ಮಂಗಳೂರಿಗೆ ಹೋಯಿತು. ಶಿರ್ವದ ಸಿಮಿತ್ರಿಯಲ್ಲಿ ಮಣ್ಣು ಮಾಡಿದರು. ಬಟ್ಟೆಬರೆಯ ಪೆಟ್ಟಿಗೆ ಆಮೇಲೆ ಬಂತು.

ಕೊನ್ಸೆಪ್ಟಾ ಕೊಟ್ಟುಹೋದ ಜಾಕೆಟ್ಟನ್ನು ಲತೀಫ್ ಬೇರೆ ಕೆಲಸ ಬದಿಗಿಟ್ಟು ಹಿಡಿದರು. ಯಂತ್ರ ಬಳಸಲಿಲ್ಲ. ಅದೇ ಬಣ್ಣದ ನೂಲು ಹುಡುಕಿ ನಾಲ್ಕು ದಿನ ಕೈಯಲ್ಲೇ ಹೊಲಿದರು. ಐದನೆಯ ದಿನ ಎಡತೋಳಿಗೆ ಬಂದಾಗ, ಒಳಬದಿಯ, ಹಿಂದಿನ ಸಲ ಗಮನಿಸದ ಲೇಬಲ್ಲಿನಲ್ಲಿ ಒಂದು ಸಣ್ಣ ಚಿತ್ರ ಕಂಡಿತು. ತೋಳಿನ ಅಂಚಿನಲ್ಲಿ ಒಂದು ಪಟ್ಟಿ, ಅದರಿಂದ ಹೊರಡುವ ಅಲೆಗಳು, ಎದುರಿಗೆ ಟಾರ್ಚಿನಂಥ ಯಂತ್ರ ಹಿಡಿದ ಮನುಷ್ಯ.

ಮಧ್ಯಾಹ್ನ ಊಟ ತಂದ ಮಗಳು ನುಸೈಬಾಗೆ ತೋರಿಸಿದರು. ಕ್ಲಿನಿಕ್ಕೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ. ಮೊಬೈಲಿನಲ್ಲಿ ಹುಡುಕಿ ಓದಿದಳು.

"ಉಪ್ಪ, ಇದು ರಿಫ್ಲೆಕ್ಟರ್. ಹಿಮದಲ್ಲಿ ಹೂತುಹೋದವ್ರನ್ನು ಹುಡುಕ್ಲಿಕ್ಕೆ ಜಾಕೆಟಲ್ಲೇ ಹೊಲಿದಿರ್ತಾರೆ. ಬ್ಯಾಟರಿ ಬೇಡ. ಯಂತ್ರ ಹಿಡಿದ್ರೆ ಅದಕ್ಕೆ ಉತ್ತರ ಕೊಡ್ತದೆ."

ಲತೀಫ್ ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟರು. ಊಟದ ಡಬ್ಬಿ ಆ ದಿನ ತೆರೆಯಲಿಲ್ಲ.

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದು, ಹಳೆಯ ಮೆಸೇಜು ಹುಡುಕಿದರು. ಮೊದಲು ತಮ್ಮದೇ ದನಿ: "ಮೋನೇ, ಎಡತೋಳಿನೊಳಗೆ ಮಾಲಿನ ಬೀಪರ್ ಹಾಗೆ ಒಂದು ಉಂಟು. ತೆಗಿಯುದಾ, ಬಿಡುದಾ?" ಅದರ ಕೆಳಗೆ ಡ್ಯಾರೆಲ್‌ನ ಉತ್ತರ, ಹದಿನಾಲ್ಕು ಸೆಕೆಂಡಿನದು. ಹಿಂದೆ ಕಾರಿನ ಸದ್ದು.

"ಹಲೋ ಅಂಕಲ್, ಡ್ರೈವಿಂಗಲ್ಲಿದ್ದೇನೆ. ಅದು ಶಾಪಿನ ಬೀಪರೇ ಇರ್ಬೇಕು, ತೆಗ್ದು ಬಿಸಾಡಿ, ಖಲಾಸ್. ಸ್ಲೀವ್ ಶಾರ್ಟ್ ಆದ್ರೆ ಸಾಕು. ಮತ್ತೆ ಮಮ್ಮಿಗೆ ಹೇಳ್ಬೇಡಿ ಆಯ್ತಾ, ಮಮ್ಮಿ ಸುಮ್ನೆ ಹೆದರ್ತಾರೆ. ಯಲ್ಲಾ, ಬಾಯ್ ಅಂಕಲ್." ಕೊನೆಗೆ ಒಂದು ನಗು.

ಮಮ್ಮಿ ಎಂಬ ಪದ ಅದರಲ್ಲಿ ಎರಡು ಸಲ ಇತ್ತು.

ಎರಡು ದಿನ ಬಿಟ್ಟು ಲತೀಫ್ ಮಗಳ ಹತ್ತಿರ ಕೇಳಿದರು. "ಇದನ್ನು ಕತ್ತರಿಸ್ಲಿಕ್ಕೆ ಆಗ್ತದಾ? ಮತ್ತೆ ಮಮ್ಮಿಗೆ ಅಂತ ಇರುವಲ್ಲಿಂದ ಕೊನೆಯವರೆಗೆ ಮಾತ್ರ."

"ಆಗ್ತದೆ. ಆದ್ರೆ ಯಾಕೆ?"

"ಟ್ರಾನ್ಸ್‌ಮಿಟರ್ ಬ್ಯಾಗಲ್ಲಿ ಇಟ್ಟದ್ದು ಅವನ ತಪ್ಪು ಅಂತ ಆ ತಾಯಿಗೆ ಗೊತ್ತುಂಟು. ಇದೂ ಅವನೇ ಹೇಳಿದ್ದು ಅಂತ ಗೊತ್ತಾಗುದು ಬೇಡ. ಪಟ್ಟಿ ನಾನು ಕೇಳದೆ ತೆಗ್ದದ್ದು ಅಂತ ಹೇಳ್ತೇನೆ."

"ಅದು ಸುಳ್ಳಲ್ವಾ ಉಪ್ಪ?"

"ಬೀಪರ್ ಅಂತ ಮೊದಲು ಹೇಳಿದ್ದು ಯಾರು? ನಾನಲ್ವಾ?"

ನುಸೈಬಾ ಕತ್ತರಿಸಿ ಕೊಟ್ಟಳು. ಆರು ಸೆಕೆಂಡು. ಉಳಿದದ್ದು ಲತೀಫ್ ಅವರ ಫೋನಿನಲ್ಲೇ ಉಳಿಯಿತು.

ಶುಕ್ರವಾರ ನಾಲ್ಕು ಗಂಟೆಗೆ ಅಪ್ಪ ಮಗಳು ಅಲ್ ರಯ್ಯಾನ್‌ಗೆ ಹೋದರು. ದೊಡ್ಡ ವಿಲ್ಲಾವನ್ನು ಪಾಲು ಮಾಡಿದ ಮನೆಗಳಲ್ಲೊಂದು. ಅಲ್ತಾರಿನ ಪಕ್ಕದಲ್ಲಿ ಡ್ಯಾರೆಲ್‌ನ ಫೋಟೋ, ಶಿಖರದ ಮೇಲೆ ತೆಗೆಸಿಕೊಂಡದ್ದು. ಕಿತ್ತಳೆ ಜಾಕೆಟ್, ಹಿಂದೆ ನೀಲಿ ಆಕಾಶ.

ಕೊನ್ಸೆಪ್ಟಾ ಜಾಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಎದೆಯ ಮೇಲೆ, ತೋಳಿನ ಮೇಲೆ ಬೆರಳಾಡಿಸಿದರು. ಕತ್ತರಿ ಹೋದ ದಾರಿ ಕಾಣಲಿಲ್ಲ.

"ಕೈಯಲ್ಲಿ ಹೊಲಿದದ್ದಾ?" ಎಂದು ಬೊನವೆಂಚರ್ ಕನ್ನಡಕ ಏರಿಸಿ ನೋಡಿದರು. "ಹೊಸತರ ಹಾಗೆ ಉಂಟು ಮಾರಾಯ್ರೆ."

"ವಾಯ್ಸ್ ಒಂದು ಸಿಕ್ಕಿದೆ ಬಾಯಿ," ಎಂದರು ಲತೀಫ್.

ನುಸೈಬಾ ಅದನ್ನು ಕೊನ್ಸೆಪ್ಟಾ ಅವರ ಫೋನಿಗೆ ಕಳಿಸಿದಳು. ಅವರು ಫೋನನ್ನು ಕಿವಿಗೆ ಒತ್ತಿ ಹಿಡಿದರು. ಒಮ್ಮೆ ಕೇಳಿದರು. ಮತ್ತೆ ಒತ್ತಿದರು. ನಾಲ್ಕನೇ ಸಲ ಸ್ಪೀಕರ್ ಹಾಕಿದಾಗ ಬೊನವೆಂಚರ್ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು.

"ಮಮ್ಮಿ ಸುಮ್ನೆ ಹೆದರ್ತಾರೆ, ಅಂತೆ," ಎಂದರು ಕೊನ್ಸೆಪ್ಟಾ. ನಗುತ್ತಿದ್ದರು, ಕಣ್ಣೀರು ಸುರಿಯುತ್ತಿತ್ತು. "ಸುಮ್ನೆ ಅಂತೆ, ಕೇಳಿದ್ರಾ? ಕಳ್ಳ."

ಇನ್ನೊಮ್ಮೆ ಒತ್ತಿದರು. ಈ ಸಲ ನಗು ನಿಂತಿತು.

"ಇದು ನಡುವಿಂದ ಶುರುವಾಗ್ತದಲ್ಲ. ಮತ್ತೆ, ಅಂತ. ಅದಕ್ಕಿಂತ ಮುಂಚಿನದ್ದು ಎಲ್ಲಿ?"

"ಅದು ಬಟ್ಟೆಯ ಮಾತು ಬಾಯಿ. ತೋಳು ಗಿಡ್ಡ ಮಾಡುದು, ಅದು ಇದು."

"ಅದ್ರಲ್ಲೂ ಅವನ ಸ್ವರ ಉಂಟಲ್ಲ?"

ಲತೀಫ್ ಅವರ ಕೈ ತಮ್ಮ ಜೇಬಿನ ಫೋನಿನ ಮೇಲೆ ಹೋಯಿತು.

"ಇಷ್ಟು ವರ್ಷ ಎರಡಿಂಚಿನ ಚಿಂದಿಯನ್ನೂ ನೀವು ಇಟ್ಟುಕೊಂಡವ್ರಲ್ಲ, ಲತೀಫಾಕ. ನನ್ನ ಮಗನದ್ದು ಕತ್ತರಿಸಿ ಇಟ್ಟುಕೊಳ್ತೀರಾ? ಕವರ್ ಎಲ್ಲಿ? ಕೊಡಿ."

ನುಸೈಬಾ ಅಪ್ಪನ ಮುಖ ನೋಡಿದಳು. ಲತೀಫ್ ಜೇಬಿನಿಂದ ತಮ್ಮ ಫೋನ್ ತೆಗೆದು, ಆ ಮೆಸೇಜು ತೆರೆದು, ಮೇಜಿನ ಮೇಲಿಟ್ಟರು.

ಹದಿನಾಲ್ಕು ಸೆಕೆಂಡೂ ಕೋಣೆಯಲ್ಲಿ ಕೇಳಿಸಿತು. ಕಾರಿನ ಸದ್ದು, ಖಲಾಸ್, ನಗು.

"ಯಾವ ಬೀಪರ್?" ಎಂದರು ಕೊನ್ಸೆಪ್ಟಾ.

ಆಗ ಲತೀಫ್ ಹೇಳಿದರು. ಪಟ್ಟಿ, ಲೇಬಲ್ಲಿನ ಚಿತ್ರ, ಟಾರ್ಚಿನಂಥ ಯಂತ್ರ, ಅದು ಕೂಗದೆ ಹೋದದ್ದು. ಕೇಳದೆ ತೆಗೆದೆನೆಂಬ ಮಾತಿಗೆ ಈಗ ಜಾಗವಿರಲಿಲ್ಲ. "ಅವನಿಗೆ ಬೀಪರ್ ಅಂತ ಹೇಳಿದ್ದು ನಾನು. ಇಷ್ಟು ವರ್ಷದ ಕೆಲಸ. ನನಗೆ ಗೊತ್ತಿರ್ಬೇಕಿತ್ತು," ಎಂದಷ್ಟೇ ಹೇಳಿದರು.

ಬೊನವೆಂಚರ್ ಬಾಗಿಲಿನಿಂದಲೇ ಮಾತಾಡಿದರು. "ಆ ಯಂತ್ರ ಬರುವಾಗಲೇ ಐವತ್ತು ನಿಮಿಷ ಆಗಿತ್ತು ಕೊನ್ಸೆಪ್ಟಾ. ಪಟ್ಟಿ ಇದ್ದಿದ್ರೂ..."

"ಐವತ್ತು ನಿಮಿಷಕ್ಕೆ ಅವನಿಗೆ ಜೀವ ಇತ್ತಾ, ಇಲ್ವಾ?"

ಸಫ್ವಾನ್ ಈ ಪ್ರಶ್ನೆಯನ್ನು ಅಲ್ಲಿನ ವೈದ್ಯರಿಗೆ ಕೇಳಿದ್ದ. ಅವರು ಹೇಳಿರಲಿಲ್ಲ.

ಕೊನ್ಸೆಪ್ಟಾ ಎದ್ದು ಮಗನ ಕೋಣೆಗೆ ಹೋದರು. ಡ್ರಾಯರ್ ಎಳೆದ ಸದ್ದು ಕೇಳಿತು. ಹಿಂತಿರುಗಿದಾಗ ಕೈಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಕವರ್ ಇತ್ತು. ಒಳಗೆ ಕಿತ್ತಳೆ ಬಟ್ಟೆಯ ಎರಡು ಚೂರು, ಒಂದು ಚಪ್ಪಟೆ ಪಟ್ಟಿ. ಹೊರಗೆ ಲತೀಫ್ ಅವರ ಅಕ್ಷರದ ಚೀಟಿ: ಡ್ಯಾರೆಲ್, ಹಿಮದ ಜಾಕೆಟ್, ತೋಳಿನಿಂದ ತೆಗೆದದ್ದು.

"ಬಿಸಾಡಿ ಅಂದಿದ್ದ. ನಾನು ಬಿಸಾಡ್ಲಿಲ್ಲ," ಎಂದರು ಲತೀಫ್.

"ನನಗಿದು ಸಿಕ್ಕಿದ್ದು ಹೋದ ವರ್ಷ ಜನವರಿಯಲ್ಲಿ. ಅವನು ಹೋಗುವ ಮುಂಚೆ," ಎಂದರು ಕೊನ್ಸೆಪ್ಟಾ. "ಡ್ರಾಯರ್ ಒರೆಸುವಾಗ. ಚೀಟಿ ಓದಿದೆ. ಹಿಮಕ್ಕೇ ಹೋಗುದು ಅಂತ ಗೊತ್ತಾಯ್ತು. ಟಿಬಿಲಿಸಿ, ಊರು ನೋಡುದು, ಎಲ್ಲ ಸುಳ್ಳು ಅಂತ."

ಬೊನವೆಂಚರ್ ತಿರುಗಿ ನೋಡಿದರು. ಅವರಿಗೂ ಇದು ಗೊತ್ತಿರಲಿಲ್ಲ.

"ಹೋದ ಸಲ ಬೈದದ್ದಕ್ಕೆ ಎರಡು ತಿಂಗಳು ಸರಿಯಾಗಿ ಮಾತಾಡಿರ್ಲಿಲ್ಲ ಅವನು. ಗುರುವಾರ ಬಂದ್ರೂ ರೂಮಲ್ಲೇ. ಈ ಸಲ ಖುಷಿಯಲ್ಲಿದ್ದ. ಅಡುಗೆಮನೆಗೆ ಬಂದು ನೀರುಳ್ಳಿ ಸುಲಿದು ಕೊಡ್ತಿದ್ದ. ಬೈದ್ರೆ ಮತ್ತೆ ಮಾತು ಬಿಡ್ತಾನೆ ಅಂತ ಸುಮ್ಮನಿದ್ದೆ. ಇದನ್ನು ಹೇಗಿತ್ತೋ ಹಾಗೆ ವಾಪಸ್ ಇಟ್ಟೆ. ನಾನು ನೋಡಿದ್ದು ಗೊತ್ತಾಗ್ಬಾರ್ದು ಅಂತ ಕವರನ್ನು ತಿರುಗಿಸಿ ಸಹ ಇಟ್ಟೆ, ಅವನು ಇಟ್ಟ ಹಾಗೆ. ಸ್ಪೇರ್ ಗುಂಡಿ ಅಂತ ಗ್ರಹಿಸಿದ್ದು, ಒಳಗೆ ಇರುದು."

ಕವರನ್ನು ಮೇಜಿನ ಮೇಲೆ, ಫೋನಿನ ಪಕ್ಕ ಇಟ್ಟರು.

ಬಂದಾಗ ಕೊಟ್ಟ ಕರಕ್ ಚಹಾ ಮೇಜಿನ ಮೇಲೆ ಆರಿ ಕೆನೆ ಕಟ್ಟಿತ್ತು. ಲತೀಫ್ ಜೇಬಿನಿಂದ ಸೂಜಿಯ ಡಬ್ಬಿ ತೆಗೆದರು. ಕಿತ್ತಳೆ ನೂಲು ಅದರಲ್ಲೇ ಇತ್ತು.

"ಅದರ ಜಾಗದಲ್ಲೇ ಹೊಲಿದು ಕೊಡ್ತೇನೆ ಬಾಯಿ. ಐದು ನಿಮಿಷದ ಕೆಲಸ."

ಕೊನ್ಸೆಪ್ಟಾ ಜಾಕೆಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು. ಎಡತೋಳನ್ನು ಒಳಗೆ ಮಡಚಿದರು, ಬಲತೋಳನ್ನು ಅದರ ಮೇಲೆ.

"ಬೇಡ ಲತೀಫಾಕ," ಎಂದರು. "ಇನ್ನು ಅವನನ್ನು ಯಾರು ಹುಡುಕ್ಲಿಕ್ಕುಂಟು?"